ಸಹಾಯ ಬೇಕು: ಒಂದೇ ಫೋಟೋ, ಪ್ರತಿ ಸಲ ಬೇರೆ ಲೆಕ್ಕ

ಮೂಡಿಗೆರೆ ಹತ್ರ ನಮ್ಮ ತೋಟ. ಕೊಯ್ದ ಕಾಫಿಯನ್ನ ಟಾರ್ಪಾಲ್ ಮೇಲೆ ಹರವಿ ಮೊಬೈಲಲ್ಲಿ ಫೋಟೋ ತೆಗೆದು, ಹಣ್ಣೆಷ್ಟು, ಹಸಿರು ಕಾಯಿ ಎಷ್ಟು ಅಂತ ನೋಡೋಕೆ ಪೈಥಾನ್, ಫೋಟೋ ಕೆಲಸಕ್ಕಿರೋ ಲೈಬ್ರರಿ ಓಪನ್‌ಸಿವಿಯಲ್ಲಿ ಸ್ಕ್ರಿಪ್ಟ್ ಬರೆದಿದೀನಿ. ಬಣ್ಣ ಬೇರ್ಪಡಿಸೋದು ಕೆ-ಮೀನ್ಸ್ (ರ‍್ಯಾಂಡಮ್ ಆಗಿ ಶುರು ಮಾಡಿ, ಹತ್ತಿರದ ಬಣ್ಣಗಳನ್ನ ಗುಂಪು ಮಾಡೋ ವಿಧಾನ), 3 ಗುಂಪು. ಅದೇ ಫೈಲನ್ನ ಮತ್ತೆ ಓಡಿಸಿದ್ರೆ ಪರ್ಸೆಂಟ್ ಬದಲಾಗುತ್ತೆ! ಬಿಸಿಲಿನ ಫೋಟೋ ಪರವಾಗಿಲ್ಲ. ಸಿಲ್ವರ್ ಓಕ್ ನೆರಳು ಬಿದ್ದಿದ್ರೆ ಟಾರ್ಪಾಲಿನ ನೀಲಿ ಒಂದೊಂದ್ಸಲ ಕಾಯಿ ಗುಂಪಿಗೆ ಸೇರ್ಕೊಳ್ಳುತ್ತೆ.

ರ‍್ಯಾಂಡಮ್ ಸೀಡ್ (ಆ ರ‍್ಯಾಂಡಮ್ ಶುರುವನ್ನ ನಿರ್ಧರಿಸೋ ನಂಬರ್) ಫಿಕ್ಸ್ ಮಾಡ್ದೆ, ಲೆಕ್ಕ ನಿಂತ್ಕೊಂತು. ಆದ್ರೆ ಸೀಡ್ ಬದಲಿಸಿದ್ರೆ ಉತ್ತರವೂ ಬೇರೆ. ಯಾವುದನ್ನ ನಂಬೋದು? ತಪ್ಪು ಲೆಕ್ಕ ನೋಡಿ ಹಸಿರು ಕಾಯಿ ಕೊಯ್ದ್ರಿ ಅಂತ ಕೊಯ್ಲಿನವರನ್ನ ಬೈಯೋ ಹಾಗಾಗಬಾರ್ದು. ಎಚ್‌ಎಸ್‌ವಿಗೆ (ಬಣ್ಣ, ಅದರ ಗಾಢತೆ, ಹೊಳಪು ಬೇರೆ ಬೇರೆ ಅಳೆಯೋ ರೀತಿ) ಹೋದ್ರೆ ಹ್ಯೂ, ಅಂದ್ರೆ ಬಣ್ಣದ ನಂಬರ್, 0ರಿಂದ 179, ಕೆಂಪು ಎರಡೂ ತುದಿಗೆ ಹಂಚಿಹೋಗುತ್ತೆ.

ಗೊತ್ತಿರೋರು ಹೇಳಿ: ಕೆ-ಮೀನ್ಸಲ್ಲೇ ಅಟೆಂಪ್ಟ್ಸ್ (ಬೇರೆ ಬೇರೆ ಶುರುವಿನಿಂದ ಎಷ್ಟು ಸಲ ಪ್ರಯತ್ನಿಸ್ಬೇಕು ಅನ್ನೋದು) ಜಾಸ್ತಿ ಮಾಡಿದ್ರೆ ಸಾಕಾ, ಇಲ್ಲಾ ಅದನ್ನ ಬಿಟ್ಟು ಎಚ್‌ಎಸ್‌ವಿಯಲ್ಲಿ ಕೆಂಪಿಗೆ ಎರಡು ರೇಂಜ್ ಕೊಡ್ಬೇಕಾ?