ನೀರ್ಚಾಲಿನ ಆಸುಪಾಸಿನಲ್ಲಿ 25 ಕಿಲೋಮೀಟರ್ ಗುಡ್ಡದ ಓಟಕ್ಕೆ ದಾರಿ ಇದೆಯೇ?

ಪ್ರಶ್ನೆ – ಮೈಸೂರಿನ ಓಟಗಾರ

ನವೆಂಬರ್ ಕೊನೆಯ ವಾರ ಹೆಂಡತಿಯ ತವರಿನಲ್ಲಿ ನಡೆಯುವ ಉಪನಯನಕ್ಕೆಂದು ಮೂರು ದಿನ ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ಇರುತ್ತೇನೆ. ಜನವರಿಯಲ್ಲಿ 50 ಕಿಲೋಮೀಟರಿನ ಗುಡ್ಡಗಾಡು ಓಟವೊಂದಕ್ಕೆ ಹೆಸರು ಕೊಟ್ಟಿರುವುದರಿಂದ ಆ ವಾರದ ದೀರ್ಘ ಓಟವನ್ನು, ಅಂದರೆ ಸುಮಾರು 25 ಕಿಲೋಮೀಟರನ್ನು, ತಪ್ಪಿಸುವಂತಿಲ್ಲ. ರಾಣಿಪುರಂ ಬೆಟ್ಟದ ಚಿತ್ರಗಳನ್ನು ನೋಡಿದಾಗಿನಿಂದ ಅಲ್ಲಿಯೇ ಓಡಬೇಕೆಂಬ ಆಸೆ ಹುಟ್ಟಿದೆ. ಬೆಳಗ್ಗೆ ಹೋಗಿ ಓಡಿ ಮಧ್ಯಾಹ್ನದ ಪಂಕ್ತಿಗೆ ಮರಳಿ ಬರಲು ಸಾಧ್ಯವೇ? ಇಲ್ಲವಾದರೆ ಡಾಮರು ಕಡಿಮೆಯಿರುವ ಬೇರೆ ದಾರಿ ಹತ್ತಿರದಲ್ಲಿ ಇದೆಯೇ? ಭಾವನವರನ್ನು ಕೇಳಿದರೆ, ಮನೆಯಲ್ಲಿ ಕಾರಿರುವಾಗ ಓಡುವುದೇತಕ್ಕೆ ಎಂದು ನಗುತ್ತಾರೆ.

ಉತ್ತರ – ಸೀತಾಂಗೋಳಿ ಕಡೆಯವನು

ರಾಣಿಪುರಂ ಆಸೆಯನ್ನು ಈ ಸಲಕ್ಕೆ ಬಿಟ್ಟುಬಿಡಿ. ಹಿಂದೆ ಮಾಡತ್ತುಮಲ ಎಂದು ಕರೆಯುತ್ತಿದ್ದ ಆ ಬೆಟ್ಟ 1,000 ಮೀಟರಿಗಿಂತ ಎತ್ತರವಿದ್ದು, ಕಾಸರಗೋಡು ಪೇಟೆಯಿಂದಲೇ ಸುಮಾರು 85 ಕಿಲೋಮೀಟರ್ ದೂರದಲ್ಲಿದೆ. ನೀವು ಕತ್ತಲಲ್ಲೇ ಹೊರಟು ತಲುಪಿದರೂ ಅರಣ್ಯ ಇಲಾಖೆಯ ಟಿಕೆಟು ಕೌಂಟರ್ ತೆರೆಯುವವರೆಗೆ ಕಾಯಬೇಕು, ಅಷ್ಟು ಕಾದು ಹತ್ತಿದರೂ ತುದಿಯವರೆಗಿನ ದಾರಿ ಕೆಲವೇ ಕಿಲೋಮೀಟರಿನದು. ಆನೆ ಓಡಾಡುವ ಕಾಡಿನಲ್ಲಿ, ಪ್ರತಿ ತಿರುವಿನಲ್ಲೂ ನಿಂತು ಕಿವಿಗೊಡಬೇಕಾದ ಜಾಗದಲ್ಲಿ, ಒಬ್ಬರೇ ಓಡುವುದನ್ನು ನಾನಂತೂ ಒಪ್ಪಲಾರೆ.

ನಿಮಗೆ ಹೊಂದುವುದು ನಮ್ಮ ಪದವು, ಅಂದರೆ ಗುಡ್ಡದ ತಲೆಯ ಮೇಲಿನ ಕಲ್ಲುಬಯಲು. ನೀರ್ಚಾಲಿನಿಂದ ಬೇಳದ ಇಗರ್ಜಿಯನ್ನು ದಾಟಿ ಸೀತಾಂಗೋಳಿಗೆ, ಅಲ್ಲಿಂದ ಅನಂತಪುರದ ಸರೋವರ ದೇವಸ್ಥಾನದ ಕಡೆಗೆ ಬಂದರೆ, ನಡುನಡುವೆ ಡಾಮರನ್ನು ಬಿಟ್ಟು ಬಯಲಿನ ಕಾಲುದಾರಿಗಳನ್ನು ಹಿಡಿಯಬಹುದು. ಪದವು ದೂರದಿಂದ ಚಪ್ಪಟೆಯಾಗಿ ಕಾಣುತ್ತದೆಯಾದರೂ ಮುರಕಲ್ಲಿನ (ಜಂಬಿಟ್ಟಿಗೆಯ) ಮೈಯೆಲ್ಲ ಜೇನುಗೂಡಿನಂತೆ ತೂತು, ಮೇಲೆ ಕಡಲೆಗಾತ್ರದ ಕೆಂಪು ಹರಳು. ಇಳಿಜಾರಿನಲ್ಲಿ ಆ ಹರಳು ಪಾದದಡಿ ಉರುಳತೊಡಗಿದರೆ ನಿಲ್ಲುವುದು ನಿಮ್ಮ ಕೈಯಲ್ಲಿರುವುದಿಲ್ಲ. ನಿಮಗೆ ಏರಿಳಿತ ಬೇಕಿದ್ದರೆ ಪದವಿನಿಂದ ತೋಡಿನ (ಸಣ್ಣ ಹೊಳೆಯ) ವರೆಗೆ ಇಳಿದು, ಸಂಕ (ಕಾಲುಸೇತುವೆ) ದಾಟಿ, ಆಚೆ ಗುಡ್ಡೆ ಹತ್ತಿರಿ. ಅದನ್ನೇ ಏಳೆಂಟು ಸಲ ಮಾಡಿದರೆ ಬೆಟ್ಟದ ಹಂಬಲ ತಾನಾಗಿ ಇಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಫೋನಿನ ನಕ್ಷೆಯಲ್ಲಿ ಕಂಡ ಗೆರೆಯನ್ನೇ ನಂಬಿ, ಎದೆಮಟ್ಟ ಬೆಳೆದ ಮುಳಿಹುಲ್ಲಿನ ನಡುವೆ ಓಡುತ್ತಿದ್ದ ನಾನು, ಹುಲ್ಲು ಮುಗಿದ ಕಡೆಯಲ್ಲಿ ನೆಲವೂ ಮುಗಿದಿರುವುದನ್ನು ಎರಡು ಹೆಜ್ಜೆ ಇರುವಾಗ ಕಂಡೆ. ಅದು ಕಲ್ಲು ಕಡಿದು ಬಿಟ್ಟಿದ್ದ ಕೋರೆ. ಗೋಡೆ ಗರಗಸದಿಂದ ಕೊಯ್ದಷ್ಟು ನೇರ, ಕೆಳಗೆ ಮಳೆಗಾಲದ ಹಸಿರು ನೀರು. ಅಂದಿನಿಂದ ಜನ ನಡೆದು ಸವೆದ ದಾರಿಯಲ್ಲದೆ ಬೇರೆ ದಾರಿಯಲ್ಲಿ ನಾನು ಓಡಿಲ್ಲ.

ಉತ್ತರ – ಬದಿಯಡ್ಕದ ಶಿಕ್ಷಕಿ

ದಾರಿಯ ವಿಚಾರದಲ್ಲಿ ಮೇಲಿನವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ದೂರದ ವಿಚಾರದಲ್ಲಿ ಇದೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಅಲ್ಲಿ ಬೆವರು ಬಂದ ಹಾಗೆ ಆರುತ್ತದೆ. ಇಲ್ಲಿ ನವೆಂಬರಿನಲ್ಲೂ ಗಾಳಿಯ ತೇವ ಹೆಚ್ಚಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ, ಮೈ ತಣಿಯುವುದಿಲ್ಲ. ಇಂಥ ಹವೆಗೆ ದೇಹ ಒಗ್ಗಲು ಹತ್ತು ಹದಿನೈದು ದಿನಗಳಾದರೂ ಬೇಕು, ನಿಮಗಿರುವುದು ಮೂರು ದಿನ. ಆದ್ದರಿಂದ ಕಿಲೋಮೀಟರನ್ನು ಲೆಕ್ಕ ಹಿಡಿಯದೆ ಮೂರು ಗಂಟೆಯ ಓಟವೆಂದು ಇಟ್ಟುಕೊಂಡು, ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿ ಓಡಿ. 18 ಕಿಲೋಮೀಟರಿಗೆ ನಿಂತರೂ ನಷ್ಟವಿಲ್ಲ. ಎಳನೀರೊಂದನ್ನೇ ನಂಬಬೇಡಿ, ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಬೆವರಿನಲ್ಲಿ ಹೋಗುವ ಉಪ್ಪನ್ನು ತುಂಬುವಷ್ಟು ಸೋಡಿಯಂ ಇರುವುದಿಲ್ಲ. ನಾನು ಕುಚ್ಚಲಕ್ಕಿಯ ಗಂಜಿತಿಳಿಗೆ ಉಪ್ಪು ಹಾಕಿ ಬಾಟಲಿಯಲ್ಲಿ ಒಯ್ಯುತ್ತೇನೆ, ಅತ್ತೆಯವರಿಗೆ ಹಿಂದಿನ ರಾತ್ರಿಯೇ ಹೇಳಿದರೆ ನಿಮಗೂ ಸಿಕ್ಕೀತು.

ಇನ್ನೊಂದು ಮಾತು. ಇಲ್ಲಿಯ ಕಾಲುದಾರಿಗಳಲ್ಲಿ ಹೆಚ್ಚಿನವು ಯಾರದ್ದಾದರೂ ತೋಟದ ಬದಿಯಿಂದ, ಅಂಗಳದ ಅಂಚಿನಿಂದ ಹೋಗುತ್ತವೆ. ಅದು ಅಡಿಕೆ ಒಣಗಿಸುವ ಕಾಲ; ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಶೂ ಹಾಕಿ ಓಡಿದರೆ ಮುಂದಿನ ಓಟಗಾರನಿಗೆ ಆ ದಾರಿ ಮುಚ್ಚಿತೆಂದೇ ತಿಳಿಯಿರಿ. ಗುಡ್ಡೆಯ ಬುಡದಲ್ಲಿ, ನೀರಿಗೆಂದು ಅಡ್ಡಲಾಗಿ ಕೊರೆದ ಸುರಂಗದ ನೀರು ಸಣ್ಣ ಕೆರೆಗೆ ಬೀಳುವುದು ಕಂಡರೆ ಕಾಲು ತೊಳೆಯಲು ಇಳಿಯಬೇಡಿ, ಅನೇಕ ಮನೆಗಳಿಗೆ ಕುಡಿಯುವ ನೀರು ಅದೇ. ಕೇಳಿದರೆ ಚೆಂಬು ತುಂಬ ಕೊಡುತ್ತಾರೆ, ಜತೆಗೆ ಬೆಲ್ಲದ ತುಂಡನ್ನೂ ಕೊಡುವವರಿದ್ದಾರೆ. ನಾಯಿ ಬೊಗಳಿದರೆ ಓಟ ನಿಲ್ಲಿಸಿ ನಡೆಯಿರಿ. ಮನುಷ್ಯರು ತುಳುವಿನಲ್ಲಿ "ಓಡೆ ಪೋಪಿನಿ?" (ಎಲ್ಲಿಗೆ ಹೋಗುವುದು?) ಎಂದು ಕೇಳಿದರೆ ಯಾರ ಮನೆಯ ಅಳಿಯನೆಂದು ಹೇಳಿ, ವ್ಯಾಯಾಮವೆಂದರೆ ಪ್ರಶ್ನೆ ಮುಗಿಯುವುದಿಲ್ಲ, ಮನೆಯ ಹೆಸರು ಹೇಳಿದರೆ ಮುಗಿಯುತ್ತದೆ.

ಪ್ರಶ್ನೆ ಕೇಳಿದವನು

ಇಬ್ಬರಿಗೂ ಕೃತಜ್ಞತೆಗಳು. ಮೂರು ಗಂಟೆ, ಅನಂತಪುರದ ದಾರಿ ಎಂದು ನಿಶ್ಚಯಿಸಿದ್ದೇನೆ. ತಲೆಗೆ ದೀಪ ಕಟ್ಟಿಕೊಂಡು ಐದು ಗಂಟೆಗೇ ಹೊರಟರೆ ಬಿಸಿಲು ತಪ್ಪಿಸಬಹುದಲ್ಲವೇ?

ಉತ್ತರ – ಸೀತಾಂಗೋಳಿ ಕಡೆಯವನು

ಹೊರಡಿ, ಆದರೆ ಬೆಳಕು ಹರಿಯುವವರೆಗೆ ಡಾಮರು ರಸ್ತೆಯಲ್ಲೇ ಇರಿ. ತೋಟಕ್ಕೆ ನುಗ್ಗಿದ ಕಾಡುಹಂದಿಗಳು ಗುಡ್ಡೆಗೆ ಮರಳುವ ಹೊತ್ತು ಅದು. ಆರೂವರೆಯ ಸುಮಾರಿಗೆ ಸೂರ್ಯ ಹುಟ್ಟುವಾಗ ಪದವು ಹತ್ತಿದರೆ ಹರಳೂ ಹೊಂಡವೂ ಕಣ್ಣಿಗೆ ಬೀಳುತ್ತವೆ. ಮರಳಿ ಓಡುವ ಶಕ್ತಿ ಉಳಿಯದಿದ್ದರೆ ಕುಂಬಳೆ–ಬದಿಯಡ್ಕ ರಸ್ತೆಗೆ ಇಳಿದು ಬಸ್ಸು ಹತ್ತಿ, ನೀರ್ಚಾಲು ಅದೇ ರಸ್ತೆಯಲ್ಲಿದೆ. ಬೆನ್ನಚೀಲದಲ್ಲಿ ಒಣ ಅಂಗಿಯೊಂದು ಇರಲಿ, ಆ ಹೊತ್ತಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿರುವವರೂ ಉಪನಯನಕ್ಕೇ ಹೊರಟವರಾಗಿರಬಹುದು.