ಎರಡು ಪ್ರಾಜೆಕ್ಟ್ ಮಧ್ಯ ಬೆಂಚಲ್ಲಿದ್ದಾಗ ಏನ್ ಮಾಡ್ಬೇಕು? (ಎನ್ವಿರಾನ್ಮೆಂಟಲ್ ಸಾಫ್ಟ್‌ವೇರ್ ಕನ್ಸಲ್ಟೆಂಟ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ಫ್ಯಾಕ್ಟರಿಗಳ ಹೊಗೆ, ನೀರು, ವೇಸ್ಟ್ ಲೆಕ್ಕ ಇಡೋ ಸಾಫ್ಟ್‌ವೇರ್ ಇಂಪ್ಲಿಮೆಂಟ್ ಮಾಡೋ ಕೆಲಸದಲ್ಲಿ ಎರಡು ವರ್ಷದಿಂದ ಇದೀನಿ. ಹಿಂದಿನ ಕ್ಲೈಂಟ್‌ದು ಗೋ-ಲೈವ್ ಆಗಿ (ಅಂದ್ರೆ ಸಾಫ್ಟ್‌ವೇರ್ ನಿಜವಾದ ಬಳಕೆಗೆ ಬಂದು) ಐದು ವಾರ ಆಯ್ತು, ಮುಂದಿನದು ಇನ್ನೂ ಸೈನ್ ಆಗಿಲ್ಲ. ಟೈಮ್‌ಶೀಟಲ್ಲಿ ದಿನಾ ನಾನ್-ಬಿಲ್ಲಬಲ್ (ಯಾವ ಕ್ಲೈಂಟ್‌ಗೂ ಬಿಲ್ ಹಾಕೋಕಾಗದ ಸಮಯ) ಅಂತ ಹಾಕ್ತಾ ಹಾಕ್ತಾ ರಾತ್ರಿ ನಿದ್ದೆ ಬರ್ತಿಲ್ಲ. ಹೊಸ ಟೂಲ್ ಕಲೀಲಾ, ಸರ್ಟಿಫಿಕೇಶನ್ ಮಾಡ್ಲಾ, ಇಲ್ಲಾ ಬೇರೆ ಕೆಲಸ ನೋಡ್ಲಾ?

ಉತ್ತರ: ಮೊದಲು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ನಮ್ಮ ಫೀಲ್ಡಲ್ಲಿ ಕ್ಲೈಂಟ್ ಕಡೆ ಒಂದು ಸಹಿ ಬೀಳೋಕೆ ಪರ್ಚೇಸ್, ಲೀಗಲ್, ಐಟಿ ಸೆಕ್ಯುರಿಟಿ ಅಂತ ಮೂರು ಬಾಗಿಲು ದಾಟ್ಬೇಕು, ಅದು ತಡ ಆಗೋದಕ್ಕೂ ನಿಮ್ಮ ಕೆಲಸ ಚೆನ್ನಾಗಿದೆಯೋ ಇಲ್ವೋ ಅನ್ನೋದಕ್ಕೂ ಸಂಬಂಧ ಇಲ್ಲ. ಐದು ವಾರಕ್ಕೆಲ್ಲ ಬೇರೆ ಕೆಲಸ ಹುಡುಕೋದು ಬೇಡ. ಆದ್ರೆ ಮ್ಯಾನೇಜರ್ ಹತ್ರ ನೇರವಾಗಿ ಕೇಳಿ, ಪೈಪ್‌ಲೈನಲ್ಲಿ (ಮುಂದೆ ಬರೋ ಪ್ರಾಜೆಕ್ಟ್‌ಗಳ ಪಟ್ಟಿಲಿ) ಏನಿದೆ, ನನ್ನ ಹೆಸರು ಯಾವುದಕ್ಕೆ ಹಾಕಿದೀರ ಅಂತ. ಕೇಳಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ.

ಇನ್ನು ಖಾಲಿ ದಿನಗಳ ವಿಷಯ. ನಾನು ಹದಿನಾಲ್ಕು ವರ್ಷದಿಂದ ಇದೇ ಮಾಡ್ತಿದೀನಿ, ಬೆಂಚಲ್ಲಿ ನಾನು ಮಾಡಿರೋ ಅತ್ಯಂತ ಉಪಯೋಗದ ಕೆಲಸ ಅಂದ್ರೆ ಗೋ-ಲೈವ್ ಅವಸರದಲ್ಲಿ "ಆಮೇಲೆ ನೋಡೋಣ" ಅಂತ ಬಿಟ್ಟಿದ್ದನ್ನ ವಾಪಸ್ ತೆಗೆದು ನೋಡಿದ್ದು. ಒಂದ್ಸಲ ಹೀಗೇ ನಮ್ಮದೇ ಒಂದು ಇಂಪೋರ್ಟ್ ಸ್ಕ್ರಿಪ್ಟ್ (ಡೇಟಾನ ಸಿಸ್ಟಮ್ ಒಳಗೆ ತರೋ ಪುಟ್ಟ ಪ್ರೋಗ್ರಾಂ) ಓದ್ತಾ ಕೂತಿದ್ದೆ. ಫ್ಯಾಕ್ಟರಿ ಹೊರಗೆ ಬಿಡೋ ನೀರಿನ ಲ್ಯಾಬ್ ರಿಪೋರ್ಟಲ್ಲಿ ಸೀಸ <0.005 ಅಂತ ಬರುತ್ತೆ, ಅಂದ್ರೆ ಲೀಟರಿಗೆ 0.005 ಮಿಲಿಗ್ರಾಂಗಿಂತ ಕಮ್ಮಿ, ಯಂತ್ರಕ್ಕೆ ಕಾಣಿಸ್ಲಿಲ್ಲ ಅಂತ ಅರ್ಥ. ಸಿಸ್ಟಮ್ ನಂಬರ್ ಮಾತ್ರ ತಗೊಳ್ತಿತ್ತು ಅಂತ ಆ < ಚಿಹ್ನೆನ ನಾನೇ ಸ್ಕ್ರಿಪ್ಟಲ್ಲಿ ಕಿತ್ತು ಹಾಕಿದ್ದೆ. ಅಂದ್ರೆ ನೀರಲ್ಲಿ ನಿಜಕ್ಕೂ 0.005 ಇದೆ ಅಂತ ಸಿಸ್ಟಮ್ ತಿಳ್ಕೊಳ್ತಿತ್ತು. ಈಗ ಲೆಕ್ಕ ಹಾಕಿ, ದಿನಕ್ಕೆ 2000 ಕ್ಯೂಬಿಕ್ ಮೀಟರ್ ನೀರು ಹೋದ್ರೆ ದಿನಕ್ಕೆ 10 ಗ್ರಾಂ ಸೀಸ, ವರ್ಷಕ್ಕೆ 3.65 ಕೆಜಿ. ಒಂದ್ಸಲಾನೂ ಕಾಣಿಸದೇ ಇರೋ ಸೀಸ, ವರ್ಷದ ರಿಪೋರ್ಟಲ್ಲಿ ಮೂರೂವರೆ ಕೆಜಿಗೂ ಜಾಸ್ತಿ ಆಗಿ ಕೂತಿತ್ತು! ಆಗ ಹೊಟ್ಟೆಯೊಳಗೆ ಆದ ಸಂಕಟ ಇವತ್ತಿಗೂ ನೆನಪಿದೆ. ಆಮೇಲೆ ಆ ಚಿಹ್ನೆಗೆ ಬೇರೆ ಕಾಲಂ ಮಾಡಿ, ಸೊನ್ನೆ ಅಂತ ತಗೋಬೇಕಾ, ಅರ್ಧ ತಗೋಬೇಕಾ, ಪೂರ್ತಿ ತಗೋಬೇಕಾ ಅನ್ನೋದನ್ನ ಪರ್ಮಿಟ್ ನೋಡಿ ಆರಿಸೋ ಹಾಗೆ ಮಾಡಿದ್ವಿ. ಪ್ರಾಜೆಕ್ಟ್ ಓಡ್ತಾ ಇದ್ದಿದ್ರೆ ಅದನ್ನ ಯಾವತ್ತೂ ನೋಡ್ತಿರ್ಲಿಲ್ಲ.

ಟೂಲ್ ಕಲಿಯೋದು ಬೇಡ ಅಂತಲ್ಲ, ಆದ್ರೆ ಯಾವ ಬಟನ್ ಎಲ್ಲಿದೆ ಅನ್ನೋದು ಮುಂದಿನ ವರ್ಶನಲ್ಲಿ ಬದಲಾಗುತ್ತೆ, ಬಟನ್ ಹಿಂದೆ ನಡೆಯೋ ಲೆಕ್ಕ ಕಲೀರಿ. ಮೀಥೇನ್‌ನ ನೂರು ವರ್ಷದ ಜಿಡಬ್ಲ್ಯೂಪಿ (ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಭೂಮಿ ಬಿಸಿ ಮಾಡುತ್ತೆ ಅನ್ನೋ ಸಂಖ್ಯೆ) ಐಪಿಸಿಸಿಯ, ಅಂದ್ರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ, 2007ರ ವರದಿಲಿ 25 ಇತ್ತು, ಅದರ ಮುಂದಿನದ್ರಲ್ಲಿ 28 ಆಯ್ತು. ಇದನ್ನ ಫಾರ್ಮುಲಾ ಒಳಗೇ ಬರೆದುಬಿಟ್ಟಿದ್ರೆ, ಬದಲಾಯಿಸಿದ ತಕ್ಷಣ ಹಳೇ ವರ್ಷಗಳ ಲೆಕ್ಕಾನೂ ಸದ್ದಿಲ್ಲದೆ ಬದಲಾಗುತ್ತೆ. ಎಮಿಶನ್ ಫ್ಯಾಕ್ಟರ್‌ಗಳಿಗೆಲ್ಲ (ಇಷ್ಟು ಇಂಧನ ಸುಟ್ರೆ ಇಷ್ಟು ಹೊಗೆ ಅನ್ನೋ ಥರದ ಲೆಕ್ಕದ ಸಂಖ್ಯೆಗಳು) ಎಲ್ಲಿಂದ ಎಲ್ಲಿವರೆಗೆ ಅಂತ ದಿನಾಂಕ ಇರ್ಬೇಕು, ಜಿಡಬ್ಲ್ಯೂಪಿಗೂ ಅಷ್ಟೇ. ಹಾಗೇ ಸಲ್ಫರ್ ಡೈಆಕ್ಸೈಡ್ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಅಂದ್ರೆ 25 ಡಿಗ್ರಿಲಿ ಕ್ಯೂಬಿಕ್ ಮೀಟರಿಗೆ 2.62 ಮಿಲಿಗ್ರಾಂ, 0 ಡಿಗ್ರಿಲಿ 2.86. ಯಾವ ಉಷ್ಣತೆಗೆ ಅಂತ ಕೇಳದೇ ಕನ್ವರ್ಟ್ ಮಾಡಿದ್ರೆ ಲಿಮಿಟ್ ಒಳಗಿರೋ ಚಿಮಣಿ ಲಿಮಿಟ್ ದಾಟಿದ ಹಾಗೆ ಕಾಣ್ಬಹುದು.

ಇನ್ನೊಬ್ಬರ ಪ್ರಶ್ನೆ: ಪ್ರಾಕ್ಟೀಸ್‌ಗೆ ಹಳೇ ಕ್ಲೈಂಟ್ ಡೇಟಾ ಬಳಸ್ಬಹುದಾ? ಲ್ಯಾಪ್‌ಟಾಪಲ್ಲಿ ಇನ್ನೂ ಇದೆ.

ಉತ್ತರ: ಬೇಡ. ಇವತ್ತೇ ಟೀಮ್ ಲೀಡ್‌ಗೆ ಹೇಳಿ, ಅಗ್ರಿಮೆಂಟ್ ಪ್ರಕಾರ ವಾಪಸ್ ಕೊಡ್ಬೇಕಾ, ಡಿಲೀಟ್ ಮಾಡ್ಬೇಕಾ ಕೇಳಿ. ನಾನು ಆಗ ಸ್ಕ್ರಿಪ್ಟ್ ತೆಗೆದಾಗ ಸಪೋರ್ಟ್ ಕಾಂಟ್ರಾಕ್ಟ್ ನಡೀತಿತ್ತು, ಕ್ಲೈಂಟ್ ಒಪ್ಪಿಗೆ ಇತ್ತು. ಪ್ರಾಕ್ಟೀಸ್‌ಗೆ ನೀವೇ ಒಂದು ಸುಳ್ಳು ಫ್ಯಾಕ್ಟರಿ ಮಾಡಿ, ಎರಡು ಬಾಯ್ಲರ್, ಒಂದು ಡೀಸೆಲ್ ಜನರೇಟರ್, ಒಂದು ನೀರು ಬಿಡೋ ಪಾಯಿಂಟ್ ಸಾಕು. ಬೇಕಂತಲೇ ತಪ್ಪು ಯೂನಿಟ್, ಖಾಲಿ ಸಾಲು, ಎರಡ್ಸಲ ಬಂದಿರೋ ಮೀಟರ್ ರೀಡಿಂಗ್ ಹಾಕಿ. ಮುಂದೆ ಡೆಮೊಗೂ ಅದೇ ಆಗುತ್ತೆ.

ಮೊದಲು ಕೇಳಿದವರು: ಮೇಡಂ, ನೀವು ಹೇಳಿದ್ದಕ್ಕೆ ನಮ್ಮ ಕಂಪನಿ ಟೆಂಪ್ಲೇಟ್ ತೆಗೆದು ನೋಡ್ದೆ. ವೇಸ್ಟ್ ಶೀಟಲ್ಲಿ ಯೂನಿಟ್ ಬರೀ "ಟನ್" ಅಂತಿದೆ, ಹಿಂದೆ ಕನ್ವರ್ಶನ್ 907 ಕೆಜಿ. ಕ್ಲೈಂಟ್ ಕೊಟ್ಟಿದ್ದು 1000 ಕೆಜಿ ಟನ್ ಅಂತ ನನಗೆ ಚೆನ್ನಾಗಿ ನೆನಪಿದೆ. ಈಗ ಏನ್ ಮಾಡ್ಲಿ?

ಉತ್ತರ: ಒಳ್ಳೇದಾಯ್ತು ನೋಡಿದ್ದು. 907 ಅಮೆರಿಕದ ಶಾರ್ಟ್ ಟನ್, ಹಳೇ ಬ್ರಿಟಿಷ್ ಟನ್ ಆದ್ರೆ 1016, ಅದಕ್ಕೇ ಬರೀ "ಟನ್" ಅಂತ ಬಿಡಬಾರದು. ನೀವಾಗೇ ತಿದ್ದೋಕೆ ಹೋಗ್ಬೇಡಿ. ಒಂದು ಸಾಲು ತಗೊಂಡು ಈಗ ಬರ್ತಿರೋ ಉತ್ತರ, ಬರಬೇಕಾಗಿರೋ ಉತ್ತರ ಪಕ್ಕಪಕ್ಕ ಬರೆದು ಲೀಡ್‌ಗೆ ಮೊದಲು ಫೋನ್ ಮಾಡಿ, ಆಮೇಲೆ ಮೇಲ್ ಹಾಕಿ. ಕ್ಲೈಂಟ್ ರಿಪೋರ್ಟ್ ಸರ್ಕಾರಕ್ಕೆ ಹೋಗಿದ್ಯಾ ಇಲ್ವಾ ಅದನ್ನ ಆ ಫೋನಲ್ಲೇ ಮೊದಲು ಕೇಳಿ, ಹೋಗಿಲ್ಲ ಅಂದ್ರೆ ಇವತ್ತೇ ನಿಲ್ಲಿಸ್ಬೇಕು.