ಪದಚರ್ಚೆ: ಚಿತ್ರದೊಳಗಿನ 'ಫಿಗರ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಬಾಗಲಕೋಟೆಯಲ್ಲಿ ನನ್ನ ಗೆಳೆಯನೊಬ್ಬ ಚಿತ್ರಕಾರ. ಎಣ್ಣೆಬಣ್ಣದಲ್ಲಿ ಕಂಡದ್ದನ್ನು ಕಂಡ ಹಾಗೆ ತೆಗೆಯುತ್ತಾನೆ. (ನಮ್ಮ ಕಡೆ ಚಿತ್ರ 'ತೆಗೆಯುತ್ತಾರೆ'. ಮೈಸೂರು ಕಡೆಯವರು ಫೋಟೋ ಅಂದುಕೊಳ್ಳಬೇಡಿ.) ಜಾಸ್ತಿ ಹೆಣ್ಣುಮಕ್ಕಳ ಚಿತ್ರಗಳೇ. ಕಂಡಿಕೆ (ನೇಯಲು ನೂಲು ಸುತ್ತಿಡುವ ಕೊಳವೆ) ಸುತ್ತುವವರು, ರೊಟ್ಟಿ ಬಡಿಯುವವರು, ಸುಮ್ನೆ ಹೊಸ್ತಿಲ ಹತ್ತಿರ ಕೂತವರು. ಪ್ರದರ್ಶನಕ್ಕೆ ಒಂದು ಪುಟ ಕನ್ನಡದಲ್ಲಿ ಬರೆದುಕೊಡು ಎಂದ. ಅವನ ಮಾತಿನಲ್ಲಿ ಹೆಜ್ಜೆಗೊಮ್ಮೆ ಬರುವ ಪದ 'ಫಿಗರ್', ಅಂದರೆ ಚಿತ್ರದೊಳಗಿನ ಮನುಷ್ಯರೂಪ. ಅಲ್ಲೇ ಸಿಕ್ಕಿಬಿದ್ದೆ.

ಹಾಗೇ ಇಟ್ಟುಬಿಡಬಹುದಿತ್ತು. ಆದರೆ ನಮ್ಮಲ್ಲಿ ಫಿಗರ್ ಎಂದರೆ ಏನು ಅನ್ನೋದು ಕಾಲೇಜು ಗೇಟಿನ ಮುಂದೆ ನಿಂತವರಿಗೆಲ್ಲ ಗೊತ್ತು. ಒಮ್ಮೆ ಇವನು ಇಳಕಲ್ಲಿನ ನೇಕಾರರ ಮನೆಯಲ್ಲಿ "ಅಕ್ಕಾರ, ನಿಮ್ಮದೊಂದು ಫಿಗರ್ ತೆಗೀತೀನ್ರಿ" ಎಂದನಂತೆ. ಆಕೆ ಕಂಡಿಕೆ ಬಿಟ್ಟು ಒಳಗೆ ಹೋದರು. ಹೊರಗೆ ಬಂದದ್ದು ಅವರ ಅತ್ತೆ.

ಪತ್ರಿಕೆಗಳಲ್ಲಿ 'ಸ್ತ್ರೀ ಆಕೃತಿ' ಎಂದಿರುತ್ತದೆ. ತಪ್ಪಲ್ಲ. ಆದರೆ ಆಕೃತಿ ಎಂದ ಕೂಡಲೇ ನನಗೆ ಗಣಿತದ ತ್ರಿಕೋನ ನೆನಪಾಗುತ್ತದೆ. ಇಲ್ಲವೇ ಕತ್ತಲಲ್ಲಿ ಯಾರೋ ನಿಂತ ಹಾಗೆ. 2021ರಲ್ಲಿ ತೀರಿಕೊಂಡ ತಮಿಳುನಾಡಿನ ಎಸ್. ಇಳೈಯರಾಜ (ಸಂಗೀತದವರಲ್ಲ, ಚಿತ್ರಕಾರ) ತೆಗೆದ ಹಳ್ಳಿಯ ಹುಡುಗಿಯರನ್ನು ನೋಡಿ. ಕೆನ್ನೆಯ ಮೇಲೆ ಬೆಳಕು ಬಿದ್ದಿರುವ ಆ ಮುಖಗಳನ್ನು ಆಕೃತಿ ಅನ್ನಲು ಬಾಯಿ ಬರುವುದಿಲ್ಲ. ಅಮೆರಿಕದ ಚಿತ್ರಕಾರ ಫಿಲಿಪ್ ಪರ್ಲ್‌ಸ್ಟೈನ್ (1924–2022) ಅವರ ದಾರಿ ಬೇರೆ. ಅವರ ಚಿತ್ರದಲ್ಲಿ ರೂಪದರ್ಶಿಯ ತಲೆಯೇ ಎಷ್ಟೋ ಸಲ ಚೌಕಟ್ಟಿನ ಆಚೆ ಹೋಗಿರುತ್ತದೆ. ಕುರ್ಚಿಯನ್ನು ನೋಡಿದ ಕಣ್ಣಿನಲ್ಲೇ ಮೈಯನ್ನೂ ನೋಡುತ್ತಾರೆ. ಅಲ್ಲಿ 'ಆಕೃತಿ' ಸರಿ ಹೊಂದುತ್ತದೆ. ಎರಡೂ ರಿಯಲಿಸಂ, ಅಂದರೆ ಕಂಡದ್ದನ್ನು ಕಂಡ ಹಾಗೆ ತೆಗೆಯುವುದೇ, ಆದರೆ ಎರಡಕ್ಕೂ ಒಂದೇ ಪದ ಒಗ್ಗುವುದಿಲ್ಲ.

ಬಾದಾಮಿಯ ಮೂರನೇ ಗುಹೆಯಲ್ಲಿ, ಚಾಲುಕ್ಯರ ಮಂಗಲೇಶನ ಕ್ರಿ.ಶ. 578ರ ಶಾಸನ ಇರುವಲ್ಲಿ, ಕಂಬದ ಮೇಲೆ ಹೆಣ್ಣುಗಳಿದ್ದಾರಲ್ಲ, ಅವರನ್ನು ನಮ್ಮವ್ವ 'ಗೊಂಬಿ' ಅನ್ನುತ್ತಿದ್ದಳು. ಕಲ್ಲಿಗೆ ಅದು ಚೆಂದ. ಜೀವಂತ ಕೂತವರಿಗೆ ಬೇಡ.

ಆಮೇಲೆ ನೇಕಾರರ ಮಾತೇ ಹೊಳೆಯಿತು. ಸೀರೆಗೆ ದಡಿ ಇದೆ, ಸೆರಗಿದೆ, ನಡುವಿನ ಭಾಗ 'ಒಡಲು'. ಇಳಕಲ್ಲಿನಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಎಂದರೆ ಮೈಯೂ ಹೌದು, ಹೊಟ್ಟೆಯೂ ಹೌದು. 'ಹೆಣ್ಣೊಡಲು' ಎಂದು ಬರೆದು ಎರಡು ದಿನ ಬೀಗಿದೆ. ಗೆಳೆಯ ಓದಿ, "ಒಡಲು ಅಂದ್ರ ಹೊಟ್ಟಿ ಉರದಂಗ ಕೇಳಸ್ತದೋ. ನನ್ನ ಚಿತ್ರದಾಗ ಅರ್ಧಾ ಮಂದಿ ಬೆನ್ನ ತೋರಿಸಿ ಕುಂತಾರ" ಎಂದ. ಕೈಬಿಟ್ಟೆ. ಬೇಜಾರಾಯಿತು, ಸುಳ್ಳು ಹೇಳಲಾರೆ.

ನಗ್ನವೋ ಬತ್ತಲೆಯೋ ಅನ್ನುವ ಜಗಳ ನಮಗಿಲ್ಲ, ಇವನ ಚಿತ್ರದಲ್ಲಿ ಎಲ್ಲರೂ ಸೀರೆ ಉಟ್ಟವರೇ. ಆದರೂ ಹೇಳಿಬಿಡುತ್ತೇನೆ. ಬ್ರಿಟನ್ನಿನ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ತನ್ನ ಬಟ್ಟೆಯಿಲ್ಲದ ಮೈಗಳ ಚಿತ್ರಗಳಿಗೆ 'ನ್ಯೂಡ್' ಬೇಡವೆಂದು 'ನೇಕೆಡ್ ಪೋರ್ಟ್ರೇಟ್' ಅನ್ನುತ್ತಿದ್ದ. ಅದಕ್ಕೆ ನಮ್ಮ 'ಬತ್ತಲೆ'ಯೇ ಸರಿ. 'ನಗ್ನ' ಗ್ಯಾಲರಿಯ ಗೋಡೆಗೆ ಅಂಟಿಕೊಂಡ ಪದ.

ಈಗ ಉಳಿದಿರುವುದು ಒಂದೇ. ಮೇಲೆ ನಾನೇ, ಗಮನಿಸದೆ, 'ಹೆಣ್ಣುಮಕ್ಕಳ ಚಿತ್ರ' ಎಂದು ಬರೆದಿದ್ದೇನೆ. ನಮ್ಮಲ್ಲಿ ಎಪ್ಪತ್ತು ದಾಟಿದವರೂ 'ಹೆಣ್ಣುಮಗಳು'. ಮರ್ಯಾದೆಯ ಮಾತು. 'ಹೆಂಗಸು' ಸ್ವಲ್ಪ ಒರಟು. 'ಫಿಗರ್' ಬಂದ ಕಡೆಯೆಲ್ಲ 'ಹೆಣ್ಣುಮಗಳು' ಹಾಕಿ ನೋಡಿದೆ, ವಾಕ್ಯ ಸರಾಗ ಓಡುತ್ತದೆ. ಭಯ ಒಂದೇ: ತುಮಕೂರು, ಮಂಡ್ಯದ ಕಡೆಯವರು ಇದನ್ನು 'ಮಗಳು' ಎಂದಷ್ಟೇ ಓದುತ್ತಾರಾ? ನರೆಗೂದಲ ಅಜ್ಜಿಯ ಚಿತ್ರದ ಕೆಳಗೆ 'ಕೂತ ಹೆಣ್ಣುಮಗಳು' ಎಂದಿದ್ದರೆ ನಿಮಗೆ ವಿಚಿತ್ರ ಅನ್ನಿಸುತ್ತದಾ? ಆ ಕಡೆಯವರು ದಯವಿಟ್ಟು ಹೇಳಿ. ಶುಕ್ರವಾರ ಪ್ರೆಸ್ಸಿಗೆ ಕೊಡಬೇಕು.